ಗ್ರಿಲ್ ಮುಚ್ಚಿ, ಫುಲ್ ಅಂಡರ್‌ಟ್ರೇ ಹಾಕಿದ ಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಕೂಲೆಂಟ್ 104 ಡಿಗ್ರಿ. ಯಾವುದು ಬಿಚ್ಚಲಿ, ಯಾವುದು ಉಳಿಸಲಿ?

ರಿಂಗ್‌ರೋಡ್_ಮೈಸೂರು

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್, ಟರ್ಬೊ ಇಲ್ಲ. ಹೆಚ್ಚಿನ ಓಡಾಟ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ, 90ರಿಂದ 100ರ ವೇಗದಲ್ಲಿ. ಮೈಲೇಜ್‌ಗೋಸ್ಕರ ಇಷ್ಟು ಮಾಡಿಸಿದ್ದೇನೆ:

1. ಕೆಳಗಿನ ಗ್ರಿಲ್‌ನ ಅರ್ಧ ಭಾಗಕ್ಕೆ ಸನ್‌ಪ್ಯಾಕ್ ಶೀಟ್ (ಟೊಳ್ಳು ಪ್ಲಾಸ್ಟಿಕ್ ಹಾಳೆ) ಕಟ್ಟಿದೆ.
2. ಬಂಪರ್ ಕೆಳಗೆ 5 ಸೆಂ.ಮೀ. ರಬ್ಬರ್ ಲಿಪ್.
3. ಕಂಪನಿಯ ಸ್ಪ್ಲಾಶ್ ಗಾರ್ಡ್ (ಎಂಜಿನ್ ಕೆಳಗಿನ ಹೊದಿಕೆ) ತೆಗೆಸಿ, ಬಂಪರ್‌ನಿಂದ ಫೈರ್‌ವಾಲ್‌ವರೆಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) 3 ಮಿ.ಮೀ. ಎಸಿಪಿ ಶೀಟ್‌ನ (ಅಲ್ಯೂಮಿನಿಯಂ–ಪ್ಲಾಸ್ಟಿಕ್ ಹಾಳೆ) ಅಂಡರ್‌ಟ್ರೇ, ಅಂದರೆ ತಳ ಮುಚ್ಚುವ ತಟ್ಟೆ. ಎಲ್ಲೂ ತೂತಿಲ್ಲ.

ಒಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸಾಧನ) ಹಾಕಿ ನೋಡಿದರೆ, ಹೊರಗೆ 36 ಡಿಗ್ರಿ ಇದ್ದಾಗ ಎಸಿ ಹಾಕಿ 100ರಲ್ಲಿ ಹೋದರೆ ಕೂಲೆಂಟ್ 104ಕ್ಕೆ ಹೋಗಿ ನಿಲ್ಲುತ್ತೆ. ಇವೆಲ್ಲ ಹಾಕುವ ಮುಂಚೆ ಇದೇ ಸ್ಥಿತಿಯಲ್ಲಿ 96 ಇರುತ್ತಿತ್ತು. ಡ್ಯಾಶ್‌ಬೋರ್ಡ್ ಮುಳ್ಳು ಮಾತ್ರ ನಡುವಿನಿಂದ ಅಲ್ಲಾಡುವುದಿಲ್ಲ. ಪೇಟೆಯೊಳಗೆ ತೊಂದರೆ ಕಾಣುತ್ತಿಲ್ಲ. ಬಾನೆಟ್‌ನ ಹಿಂಭಾಗಕ್ಕೆ ಸ್ಪೇಸರ್ ಕೊಟ್ಟು ಒಂದಿಂಚು ಎತ್ತಿದರೆ ಬಿಸಿಗಾಳಿ ಹೊರಗೆ ಹೋಗುತ್ತೆ ಅಂತ ಒಬ್ಬರು ಹೇಳಿದರು. ಮಾಡಿಸಲಾ? ಏನನ್ನು ಉಳಿಸಿಕೊಳ್ಳಬಹುದು?

ವಾಯುಲೆಕ್ಕ

ಸ್ಪೇಸರ್ ಬೇಡ. ಕಾರಣ ಆಮೇಲೆ ಹೇಳ್ತೀನಿ, ಮೊದಲು ನಿಮ್ಮ ಅಸಲಿ ಸಮಸ್ಯೆ.

ರೇಡಿಯೇಟರ್ ಒಳಗೆ ಗಾಳಿ ನುಗ್ಗಬೇಕಾದರೆ ಮುಂದೆ ಒತ್ತಡ ಹೆಚ್ಚಿದ್ದರೆ ಸಾಲದು, ಹಿಂದೆ ಕಡಿಮೆಯೂ ಇರಬೇಕು. ಸಾಮಾನ್ಯ ಹ್ಯಾಚ್‌ಬ್ಯಾಕ್‌ನಲ್ಲಿ ರೇಡಿಯೇಟರ್ ದಾಟಿದ ಗಾಳಿ ಎಂಜಿನ್ ಸುತ್ತ ಸುಳಿದು ಬಹುಪಾಲು ಕೆಳಗಿನಿಂದಲೇ ಆಚೆ ಹೋಗುತ್ತೆ; ಸ್ವಲ್ಪ ಮುಂದಿನ ಚಕ್ರಗಳ ಕಮಾನಿನ ಕಡೆಯಿಂದ. ನೀವು ಆ ದಾರಿಯನ್ನೇ ಎಸಿಪಿ ಹಾಕಿ ಮುಚ್ಚಿದ್ದೀರಿ. ಒಲೆಗೆ ಊದುಕೊಳವೆ ಹಿಡಿದು ಹೊಗೆಗೂಡು ಮುಚ್ಚಿದ ಹಾಗಾಯ್ತು. ಸನ್‌ಪ್ಯಾಕ್‌ಗಿಂತ ದೊಡ್ಡ ಅಪರಾಧಿ ಆ ಟ್ರೇ.

ಲೆಕ್ಕ ನೋಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. 36–37 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಹೆಚ್ಚುಕಮ್ಮಿ 1.04 ಕೆ.ಜಿ. ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಅದು 1.225. ಅಂದರೆ ಅದೇ ತೂತಿನಲ್ಲಿ ಅದೇ ವೇಗಕ್ಕೆ 15% ಕಡಿಮೆ ತೂಕದ ಗಾಳಿ, ಅದೂ ಬಿಸಿ ಗಾಳಿ. ಅದರ ಮೇಲೆ ಎಸಿ ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂತಿದೆ; ಅದು ಬಿಡುವ ಶಾಖದಿಂದ ರೇಡಿಯೇಟರ್‌ಗೆ ಸಿಗುವ ಗಾಳಿ ಇನ್ನೂ ಹತ್ತು ಡಿಗ್ರಿ ಹತ್ತಿರ ಏರಿರುತ್ತೆ. ಯೂರೋಪಿನ ಚಳಿಗಾಲದಲ್ಲಿ ಗ್ರಿಲ್ ಮುಚ್ಚಿದವರ ವಿಡಿಯೊ ನೋಡಿ ಏಪ್ರಿಲ್‌ನ ಮಂಡ್ಯದಲ್ಲಿ ಅದನ್ನೇ ಮಾಡಿದರೆ ಹೀಗೇ ಆಗೋದು.

ಇನ್ನು ಉಳಿತಾಯ ಎಷ್ಟು? ನಿಮ್ಮ ಗಾತ್ರದ ಗಾಡಿಗೆ 100ರಲ್ಲಿ ಗಾಳಿಯನ್ನು ಸೀಳೋಕೆ ಸುಮಾರು 7.5 ಕಿಲೋವ್ಯಾಟ್, ಟೈರ್ ಉರುಳೋಕೆ 3.5 ಕಿಲೋವ್ಯಾಟ್ ಬೇಕು. ಗ್ರಿಲ್ ಮತ್ತು ಟ್ರೇ ಸೇರಿ ಗಾಳಿಯ ತಡೆಯನ್ನು 5% ಇಳಿಸಿದವು ಅಂತ ಧಾರಾಳವಾಗಿ ಒಪ್ಪೋಣ: 0.4 ಕಿಲೋವ್ಯಾಟ್ ಕೂಡ ಇಲ್ಲ. ರೇಡಿಯೇಟರ್ ಫ್ಯಾನ್ ಹೈಸ್ಪೀಡ್‌ನಲ್ಲಿ 15–20 ಆಂಪಿಯರ್ ಎಳೆಯುತ್ತೆ. ಆಲ್ಟರ್ನೇಟರ್ ನಷ್ಟ ಸೇರಿಸಿದರೆ ಎಂಜಿನ್ ಮೇಲೆ 0.35–0.45 ಕಿಲೋವ್ಯಾಟ್ ಹೊರೆ. ಗಾಳಿ ಸಾಲದೆ ಹೆದ್ದಾರಿಯಲ್ಲೂ ಫ್ಯಾನ್ ಹೈಸ್ಪೀಡ್‌ನಲ್ಲೇ ಓಡುತ್ತಿದ್ದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯ್ತು. ಬಾನೆಟ್ ಒಳಗೆ ಬಿಸಿ ಹೆಚ್ಚಾಗಿ ಎಂಜಿನ್ ಎಳೆಯುವ ಗಾಳಿಯೂ ಬಿಸಿಯಾದರೆ, ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಹೊತ್ತಿ ಬಡಿಯೋದು) ತಪ್ಪಿಸೋಕೆ ಇಸಿಯು (ಎಂಜಿನ್ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದಕ್ಕೆ ತಳ್ಳುತ್ತೆ, ಅದು ಬೇರೆ ನಷ್ಟ. (100ರ ಬದಲು 90ರಲ್ಲಿ ಹೋದರೆ ಗಾಳಿಗೆ ತೆರುವ ಶಕ್ತಿ 27% ಇಳಿಯುತ್ತೆ, ಅಂದರೆ 2 ಕಿಲೋವ್ಯಾಟ್. ಬೆಂಗಳೂರು ತಲುಪೋದು ಎಂಟು ನಿಮಿಷ ತಡ. ಇದನ್ನು ಯಾರೂ ಮಾಡ್ ಅಂತ ಕರೆಯಲ್ಲ, ಬಿಡಿ.)

ಮಾಡಬೇಕಾದ್ದು:

ಟ್ರೇಯನ್ನು ಮೂರು ಭಾಗವಾಗಿ ಯೋಚಿಸಿ. ಬಂಪರ್ ಅಂಚಿನಿಂದ ರೇಡಿಯೇಟರ್ ಕೆಳಗಿನ ಕ್ರಾಸ್‌ಮೆಂಬರ್‌ವರೆಗೆ (ಅಡ್ಡಪಟ್ಟಿ) ಮುಚ್ಚಿಯೇ ಇರಲಿ. ಅಲ್ಲಿ ಮುಚ್ಚಿದ್ದರೆ ಒಳಬಂದ ಗಾಳಿ ಕೆಳಗೆ ಜಾರದೆ ರೇಡಿಯೇಟರ್‌ನ ಕೋರ್‌ಗೇ (ಗಾಳಿ ಹಾಯುವ ಜಾಲರಿ ಭಾಗ) ಹೋಗುತ್ತೆ. ಕ್ರಾಸ್‌ಮೆಂಬರ್‌ನಿಂದ ಫೈರ್‌ವಾಲ್‌ವರೆಗಿನ ಭಾಗ ಗಾಳಿಯ ಹೊರದಾರಿ, ಇದನ್ನು ತೆರೆಯಲೇಬೇಕು. ಫೈರ್‌ವಾಲ್‌ನಿಂದ ಹಿಂದಕ್ಕೆ, ಸೈಲೆನ್ಸರ್ ಸುರಂಗ ಬಿಟ್ಟು, ಎರಡೂ ಬದಿಯಲ್ಲಿ ಎಷ್ಟು ಸಪಾಟು ಶೀಟ್ ಬೇಕಾದರೂ ಹಾಕಿ. ನಿಮ್ಮ ಎಸಿಪಿಯನ್ನು ಅಲ್ಲಿಗೆ ಸಾಗಿಸಿದರೆ ತಂಪಿಗೆ ಒಂದು ಡಿಗ್ರಿಯೂ ತೊಂದರೆಯಿಲ್ಲದೆ ಲಾಭ ಸಿಗುತ್ತೆ.

ಹೊರದಾರಿ ಎಷ್ಟು ದೊಡ್ಡದಿರಬೇಕು? ಬಿಸಿಯಾದ ಗಾಳಿ ಹಿಗ್ಗಿರುತ್ತೆ, ಎಂಜಿನ್‌ಗೆ ಬಡಿದು ವೇಗವೂ ಕಳೆದುಕೊಂಡಿರುತ್ತೆ. ಹಾಗಾಗಿ ಗ್ರಿಲ್‌ನ ತೆರೆದ ವಿಸ್ತೀರ್ಣದ ಒಂದೂವರೆ ಪಟ್ಟಿನಿಂದ ಶುರು ಮಾಡಿ. ತೂತಿನ ಮುಂದಿನ ಅಂಚಿಗೆ, ಅಂದರೆ ಕ್ರಾಸ್‌ಮೆಂಬರ್ ಕೆಳಗೆ, 20 ಮಿ.ಮೀ. ಕೆಳಕ್ಕೆ ಬಾಗಿಸಿದ ಪಟ್ಟಿ ಕೂರಿಸಿ. ಅದರ ಹಿಂದೆ ಒತ್ತಡ ಕಡಿಮೆಯಾಗಿ ಒಳಗಿನ ಬಿಸಿಗಾಳಿಯನ್ನು ಎಳೆದುಕೊಳ್ಳುತ್ತೆ. ನಿಮ್ಮ ರಬ್ಬರ್ ಲಿಪ್ ಕೂಡ ಮಾಡೋದು ಇದನ್ನೇ, ಅದನ್ನು ತೆಗೀಬೇಡಿ. ಲಿಪ್ ಕಷ್ಟವೆಲ್ಲ ಹಂಪ್‌ಗಳಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀ. ಅಗಲ, ಸರ್ವಿಸ್ ರಸ್ತೆಗೆ ಇಳಿದರೆ ಸಿಗೋವು ಯಾವ ಕಾಂಗ್ರೆಸ್ಸಿನ ಮಾತೂ ಕೇಳಿದವಲ್ಲ. ಬಗ್ಗುವ ರಬ್ಬರ್ ಆಗಿರೋದರಿಂದ ನಡೆಯುತ್ತೆ, ಫೈಬರ್ ಆದರೆ ಒಡೆದೀತು.

ಗ್ರಿಲ್ ವಿಷಯಕ್ಕೆ: ಬಂಪರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಯಾವ ತೂತಿನ ಹಿಂದೆ ಕಂಡೆನ್ಸರ್ ಕಾಣಲ್ಲವೋ, ಬರೀ ಬಂಪರ್ ಬೀಮ್ ಅಥವಾ ಖಾಲಿ ಮೂಲೆ ಇದೆಯೋ, ಅದನ್ನು ಧೈರ್ಯವಾಗಿ ಮುಚ್ಚಿ. ಕೋರ್ ಎದುರಿಗಿರುವ ಸನ್‌ಪ್ಯಾಕ್ ಫೆಬ್ರವರಿಯಿಂದ ಮಳೆ ಹಿಡಿಯೋವರೆಗೆ ಬೇಡ. ಅದರ ಬದಲು ಬಂಪರ್‌ಗೂ ಕಂಡೆನ್ಸರ್‌ಗೂ ನಡುವೆ ಪಕ್ಕದಲ್ಲಿ, ಮೇಲೆ ಇರುವ ಸಂದುಗಳನ್ನು ನೀರು ಹೀರದ ಇಪಿಡಿಎಂ (ಒಂದು ಬಗೆಯ ರಬ್ಬರ್) ಫೋಮ್ ಬೀಡಿಂಗ್‌ನಿಂದ ತುಂಬಿ, 15–20 ಮಿ.ಮೀ. ದಪ್ಪದ್ದು ಸಾಕು. ಹಾಸಿಗೆಯ ಸ್ಪಂಜು ತುರುಕಬೇಡಿ, ಒಂದು ಮಳೆಗೆ ಪುಡಿಯಾಗಿ ಕೋರ್‌ನ ಫಿನ್‌ಗೇ (ತೆಳು ತಗಡಿನ ಎಲೆ) ಮೆತ್ತಿಕೊಳ್ಳುತ್ತೆ. ಸಂದು ಮುಚ್ಚಿದರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಬಿಸಿಗಾಳಿ ಸುತ್ತು ಹೊಡೆದು ಮತ್ತೆ ಮುಂದಿನಿಂದ ಒಳಬರೋದೂ ನಿಲ್ಲುತ್ತೆ.

ಈಗ ಸ್ಪೇಸರ್. ವಿಂಡ್‌ಶೀಲ್ಡ್ ಬುಡದಲ್ಲಿ ಗಾಳಿ ಗಾಜಿಗೆ ಬಡಿದು ನಿಲ್ಲೋದರಿಂದ ಅಲ್ಲಿ ಒತ್ತಡ ಹೆಚ್ಚು. ಎಸಿಯ ಫ್ರೆಶ್ ಏರ್ ತೂತನ್ನು ಕಂಪನಿಯವರು ಅಲ್ಲೇ ಇಡೋದು ಅದಕ್ಕೇ. ಬಾನೆಟ್ ಹಿಂದೆ ಎತ್ತಿದರೆ ನಿಂತಾಗ ಬಿಸಿಗಾಳಿ ಮೇಲಕ್ಕೆ ಹೋಗೋದು ನಿಜ, ಆದರೆ 80 ದಾಟಿದ ಮೇಲೆ ಗಾಳಿ ಆ ಸಂದಿಯಿಂದ ಒಳಗೆ ನುಗ್ಗುತ್ತೆ. ರೇಡಿಯೇಟರ್ ಹಿಂದಿನ ಒತ್ತಡ ಏರಿ ನಿಮ್ಮ 104 ಇನ್ನೂ ಮೇಲೆ ಹೋಗಬಹುದು. ಸಾಲದ್ದಕ್ಕೆ ಎಂಜಿನ್ ವಾಸನೆ ಕ್ಯಾಬಿನ್ ಒಳಗೆ. ಬಾನೆಟ್ ಮೇಲೆ ಲೂವರ್ (ಗಾಳಿ ಹೋಗುವ ಸೀಳು) ಬೇಕೇ ಬೇಕು ಅಂದರೆ ಅದರ ಜಾಗ ಮುಂದಿನ ಮೂರನೇ ಒಂದು ಭಾಗ, ರೇಡಿಯೇಟರ್ ಬೆನ್ನಿಗೇ. ಆದರೆ ಮಳೆನೀರು ಕಾಯಿಲ್ ಮತ್ತು ಆಲ್ಟರ್ನೇಟರ್ ಮೇಲೆ ಸುರಿಯದ ಹಾಗೆ ಕೆಳಗೆ ತಗಡು ಕೊಡಬೇಕು. ಬಾಡಿ ಕೊರೆಯೋ ಮುಂಚೆ ವಿಮೆ ಕಂಪನಿಗೆ ಬರೆದು ತಿಳಿಸಿ. ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಓದಿಕೊಳ್ಳಿ. 1.2 ಲೀಟರ್ ಗಾಡಿಗೆ ಇಷ್ಟೆಲ್ಲ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಟಾಪ್‌ಗೇರ್_ಗೌಡ

ಗುರು, ಇಷ್ಟೆಲ್ಲ ತಲೆನೋವು ಯಾಕೆ? ಥರ್ಮೋಸ್ಟಾಟ್ ಕಿತ್ತಾಕು. ನಮ್ಮ ಕಡೆ ಎಲ್ಲಾ ಟ್ಯಾಕ್ಸಿಯವರು ಹಂಗೇ ಓಡ್ಸೋದು.

ಮಂಡ್ಯ_ಗ್ಯಾರೇಜ್

ಗೌಡ್ರೇ, ಆ ಸಲಹೆ ಕೊಡಬೇಡಿ ದಯವಿಟ್ಟು. ಇಂಥ ಗಾಡಿಯ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ನೀರು ಬಿಡೋ ಕವಾಟ) ಸಾಮಾನ್ಯವಾಗಿ 82–88ಕ್ಕೆ ತೆರೆಯೋಕೆ ಶುರುವಾಗಿ, 100ರ ಹೊತ್ತಿಗೆ ಪೂರ್ತಿ ತೆರೆದಿರುತ್ತೆ. 104ರಲ್ಲಿ ಇರೋ ಎಂಜಿನ್‌ಗೆ ಅದನ್ನು ಕಿತ್ತರೆ ಸಿಗೋದು ಏನೂ ಇಲ್ಲ. ಕೆಲವು ಎಂಜಿನ್‌ನಲ್ಲಿ ಥರ್ಮೋಸ್ಟಾಟ್‌ನ ಹಿಂದಿನ ತಟ್ಟೆಯೇ ಬೈಪಾಸ್ ದಾರಿ ಮುಚ್ಚೋದು. ಅದಿಲ್ಲದಿದ್ದರೆ ಬಿಸಿನೀರು ರೇಡಿಯೇಟರ್ ಕಡೆ ಹೋಗದೆ ಒಳಗೊಳಗೇ ಸುತ್ತುತ್ತೆ, ಹೈವೇನಲ್ಲಿ ಇನ್ನೂ ಕಾಯುತ್ತೆ. ಬೆಳಗ್ಗೆ ಹೊತ್ತು ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತೆ, ಚೆಕ್ ಲೈಟ್ ಬೇರೆ ಬರುತ್ತೆ.

ವಾಯುಲೆಕ್ಕ ಸರ್ ಹೇಳಿದ್ದೆಲ್ಲ ಸರಿ. ಆದ್ರೆ ಶೀಟ್ ಕೊಯ್ಯೋ ಮುಂಚೆ ಮೂಲ ಸಿಸ್ಟಮ್ ಆರೋಗ್ಯವಾಗಿದೆಯಾ ನೋಡ್ಕೊಳ್ಳಿ. 8 ಡಿಗ್ರಿ ಏರಿಕೆ ಪೂರ್ತಿ ಟ್ರೇದೇ ಅಂತ ಹೇಳಕ್ಕಾಗಲ್ಲ.

ಮೊದಲು ಕೊಳೆ. ನಮ್ಮ ಭಾಗದ ರಸ್ತೇಲಿ ಕಬ್ಬಿನ ಲಾರಿ, ಟ್ರ್ಯಾಕ್ಟರ್‌ಗಳಿಂದ ಉದುರೋ ತರಗು, ಭತ್ತದ ಹೊಟ್ಟು, ಧೂಳು ಎಲ್ಲ ಕಂಡೆನ್ಸರ್ ದಾಟಿ ಅದಕ್ಕೂ ರೇಡಿಯೇಟರ್‌ಗೂ ನಡುವಿನ ಒಂದು–ಎರಡು ಸೆಂ.ಮೀ. ಸಂದಿನಲ್ಲಿ ಕೂತ್ಕೊಳ್ಳುತ್ತೆ. ಮುಂದಿನಿಂದ ನೋಡಿದ್ರೆ ಕಂಡೆನ್ಸರ್ ಪಳಪಳ, ಹಿಂದೆ ಅರ್ಧ ಮುಚ್ಚಿರುತ್ತೆ. ರೇಡಿಯೇಟರ್ ಮೇಲಿನ ಬ್ರ್ಯಾಕೆಟ್ ಬಿಚ್ಚಿ ಸ್ವಲ್ಪ ಹಿಂದಕ್ಕೆ ವಾಲಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ, ತೋಟದ ಪೈಪಿನಷ್ಟೇ ಒತ್ತಡದ ನೀರು ಬಿಡಿ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇನ್ನೂ ಕೆಡುತ್ತೆ.

ಎರಡನೇದು ನೀರು. ಕೂಲೆಂಟ್ ಕಡಿಮೆ ಆದಾಗೆಲ್ಲ ಬೋರ್‌ವೆಲ್ ನೀರು ಸುರಿದಿದ್ರೆ ಒಳಗೆ ಸುಣ್ಣ ಕಟ್ಟಿರುತ್ತೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್, ಅಷ್ಟೇ. ಕೂಲೆಂಟ್ ಜಾಸ್ತಿ ಹಾಕಿದ್ರೆ ಜಾಸ್ತಿ ತಂಪು ಅನ್ನೋದು ಸುಳ್ಳು. ಶಾಖ ಹೊರೋದ್ರಲ್ಲಿ ನೀರೇ ಮುಂದು. ಬಣ್ಣ ನೋಡಿ ಬೆರೆಸಬೇಡಿ, ಡಬ್ಬಿ ಮೇಲಿನ ಟೈಪ್ ನೋಡಿ.

ಮೂರನೇದು ಕ್ಯಾಪ್. ಅದರ ಮೇಲೆ 0.9 ಅಥವಾ 1.1 ಬಾರ್ ಅಂತ ಹೊಡೆದಿರುತ್ತೆ. ನಮ್ಮ ಎತ್ತರದಲ್ಲಿ ಬರೀ ನೀರು 97–98ಕ್ಕೇ ಕುದಿಯುತ್ತೆ. ಒಳ್ಳೆ ಮಿಶ್ರಣ, ಒಳ್ಳೆ ಕ್ಯಾಪ್ ಇದ್ದರೆ 120 ದಾಟಿದ ಮೇಲೇ ಕುದಿ. ಕ್ಯಾಪ್ ರಬ್ಬರ್ ಹೋಗಿದ್ರೆ 104 ಅನ್ನೋದೇ ಅಪಾಯದ ಹತ್ತಿರ. ಎಂಜಿನ್ ಆರಿದ ಮೇಲೆ ರಿಸರ್ವ್ ಟ್ಯಾಂಕ್‌ನಲ್ಲಿ ಗುಳುಗುಳು ಸದ್ದು ಬಂದ್ರೆ ಮೊದಲು ಕ್ಯಾಪ್ ಬದಲಾಯಿಸಿ, ಕಾಸಿನ ಖರ್ಚು.

ಕಂಪನಿ ಸ್ಪ್ಲಾಶ್ ಗಾರ್ಡ್ ಎಸೆದಿಲ್ಲ ತಾನೇ? ಅದನ್ನೇ ವಾಪಸ್ ಹಾಕಿದ್ರೆ ಅರ್ಧ ಕೆಲಸ ಮುಗೀತು. ರೇಡಿಯೇಟರ್ ಎರಡೂ ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ ರೆಕ್ಕೆ ಇದೆಯಾ ಅದನ್ನೂ ನೋಡಿ. ಬಂಪರ್ ಒಮ್ಮೆ ಬಿಚ್ಚಿ ಹಾಕಿದ ಗಾಡೀಲಿ ಸುಮಾರು ಸಲ ಅದು ಕಾಣೆ ಆಗಿರುತ್ತೆ.

ಫಿನ್‌ಟ್ಯೂಬ್

ಊಹೆ ಬೇಡ, ಅಳೆಯಿರಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಮೂರು–ನಾಲ್ಕು ಮೀಟರ್ ಸಾಕು. ಅದನ್ನು 'ಯು' ಆಕಾರದಲ್ಲಿ ಹಲಗೆಗೆ ಅಂಟಿಸಿ, ಪಕ್ಕಕ್ಕೆ ಸ್ಕೇಲ್, ಒಳಗೆ ಬಣ್ಣದ ನೀರು. ಒಂದು ತುದಿ ಕಂಡೆನ್ಸರ್ ಮುಂದೆ, ಇನ್ನೊಂದು ರೇಡಿಯೇಟರ್ ಹಿಂದೆ ಫ್ಯಾನ್‌ನಿಂದ ದೂರದ ಮೂಲೆಯಲ್ಲಿ ಕಟ್ಟಿ. ತುದಿ ಗಾಳಿಗೆ ಎದುರಾಗಿರಬಾರದು, ಅಡ್ಡಕ್ಕಿರಲಿ. ಪಕ್ಕದ ಸೀಟಿನವರು ಓದಲಿ, ಓಡಿಸುವವರಲ್ಲ.

100ರಲ್ಲಿ ಇಲ್ಲಿನ ಗಾಳಿಯ ಪೂರ್ತಿ ಒತ್ತಡವೇ ಸುಮಾರು 41 ಮಿ.ಮೀ. ನೀರು. ಎರಡು ತುದಿಯ ವ್ಯತ್ಯಾಸ ಅದಕ್ಕಿಂತ ಸಾಕಷ್ಟು ಕಡಿಮೆಯೇ ಬರುತ್ತೆ. ಬರುವ ಅಂಕಿ ಎಷ್ಟು ಅನ್ನೋದಕ್ಕಿಂತ ಟ್ರೇ ಇದ್ದಾಗ ಎಷ್ಟು, ತೆಗೆದಾಗ ಎಷ್ಟು ಅನ್ನೋದು ಮುಖ್ಯ. ಟ್ರೇ ಹಾಕಿದಾಗ ವ್ಯತ್ಯಾಸ ಅರ್ಧಕ್ಕೆ ಇಳಿದರೆ ಕೋರ್ ಮೂಲಕ ಹೋಗುವ ಗಾಳಿ ಮೂರನೇ ಒಂದರಷ್ಟಾದರೂ ಕಮ್ಮಿಯಾಗಿದೆ ಅಂತ ತಿಳಿಯಿರಿ.

ತಾಪಮಾನ ಹೋಲಿಸುವಾಗ ಬರೀ 104, 96 ಅಂತ ಬರೆದಿಟ್ಟರೆ ಪ್ರಯೋಜನವಿಲ್ಲ. ಕೂಲೆಂಟ್‌ನಿಂದ ಹೊರಗಿನ ತಾಪಮಾನ ಕಳೆಯಿರಿ. ನಿಮ್ಮದು 104 − 36 = 68. ಥರ್ಮೋಸ್ಟಾಟ್ ಪೂರ್ತಿ ತೆರೆದ ಮೇಲೆ ಈ ವ್ಯತ್ಯಾಸ ಅದೇ ಹೊರೆಗೆ ಹೆಚ್ಚುಕಮ್ಮಿ ಸ್ಥಿರ. ಅಂದರೆ ಹೊರಗೆ 40 ಆದ ದಿನ ನಿಮ್ಮ ಗಾಡಿ 108ಕ್ಕೆ ಹೋಗುತ್ತೆ. ಗುರಿ 60 ಅಥವಾ ಅದಕ್ಕಿಂತ ಕೆಳಗೆ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಸಿ ಅದೇ ಸೆಟ್ಟಿಂಗ್, ಹತ್ತು ನಿಮಿಷ ಒಂದೇ ವೇಗ. ಮೈಸೂರಿನಿಂದ ಮದ್ದೂರಿನ ಕಡೆ ಒಟ್ಟಾರೆ ಇಳಿಜಾರು, ರಾಮನಗರದ ಆಚೆಗೆ ಏರು, ಹಾಗಾಗಿ ಒಂದೇ ತುಂಡಿನಲ್ಲಿ ಹೋಗಿ–ಬಂದು ಸರಾಸರಿ ತೆಗೆಯಿರಿ. ಕಾರುಗಳಿಗೆ ಅಲ್ಲಿ ಮಿತಿ 100, ಕ್ಯಾಮೆರಾ ಇವೆ, ಪರೀಕ್ಷೆಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಹೆದ್ದಾರಿಯಲ್ಲಿ ಬಿಸಿ, ಪೇಟೆಯಲ್ಲಿ ಸರಿ ಅಂದರೆ ಫ್ಯಾನ್ ಚೆನ್ನಾಗಿದೆ ಅಂತ ಅರ್ಥ. ಉಳಿದದ್ದು ಎರಡು: ಗಾಳಿ ಸಾಲುತ್ತಿಲ್ಲ, ಇಲ್ಲವೇ ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ. ಬಿಸಿಯಾಗಿರುವಾಗಲೇ ಗಾಡಿಯನ್ನು ರಸ್ತೆ ಪಕ್ಕದ ನಿಲುಗಡೆ ಬೇ ಒಳಗೆ ನಿಲ್ಲಿಸಿ, ಎಂಜಿನ್ ಆರಿಸದೆ ಐಆರ್ ಗನ್‌ನಿಂದ (ಮುಟ್ಟದೆ ಬಿಸಿ ಅಳೆಯುವ ಉಪಕರಣ) ಮೇಲಿನ ಹೋಸ್, ಕೆಳಗಿನ ಹೋಸ್ ಅಳೆಯಿರಿ. ಎರಡೂ ಬಿಸಿ, ವ್ಯತ್ಯಾಸ ಐದಾರು ಡಿಗ್ರಿ ಮಾತ್ರ ಅಂದರೆ ನೀರು ಹರೀತಿದೆ, ಗಾಳಿ ಶಾಖ ಎಳೆದುಕೊಳ್ಳುತ್ತಿಲ್ಲ. ಟ್ರೇ ಮೇಲೇ ಅನುಮಾನ. ವ್ಯತ್ಯಾಸ 15–20 ಬಂದರೆ ನೀರಿನ ಹರಿವು ಕಮ್ಮಿ: ಪಂಪ್, ಸುಣ್ಣ, ಅರ್ಧ ಸಿಕ್ಕಿಕೊಂಡ ಥರ್ಮೋಸ್ಟಾಟ್, ಅಥವಾ ಆರ್‌ಪಿಎಂ ಏರಿದಾಗ ಒಳಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್. ನಿಂತ ಮೇಲೆ ಫ್ಯಾನ್ ಲೆಕ್ಕ ಕೆಡಿಸುತ್ತೆ, ಹಾಗಾಗಿ ಅರ್ಧ ನಿಮಿಷದೊಳಗೆ ಮುಗಿಸಿ.

ಕೊನೆಗೆ ಚಾಮುಂಡಿ ಬೆಟ್ಟಕ್ಕೆ ಎಸಿ ಹಾಕಿ ಎರಡನೇ ಗೇರಿನಲ್ಲಿ ಏರಿಸಿ ನೋಡಿ. ಅಲ್ಲಿ ಎದುರುಗಾಳಿಯ ನೆರವಿಲ್ಲ, ಫ್ಯಾನ್ ಒಂದೇ. ಅಲ್ಲೂ 100ರ ಆಸುಪಾಸಿನಲ್ಲಿ ನಿಂತರೆ ಟ್ರೇಯ ಹೊರದಾರಿ ಎರಡೂ ಸಂದರ್ಭಕ್ಕೆ ಸಾಲುತ್ತೆ.

ರಿಂಗ್‌ರೋಡ್_ಮೈಸೂರು

ಎಲ್ಲರಿಗೂ ಧನ್ಯವಾದ. ಸ್ಪ್ಲಾಶ್ ಗಾರ್ಡ್ ಮನೆಯಲ್ಲೇ ಇದೆ. ಎರಡು ಪ್ರಶ್ನೆ ಉಳಿದಿವೆ. ಎಸಿಪಿಯನ್ನು ಹಿಂದಕ್ಕೆ ಸಾಗಿಸಿದರೆ ಸೈಲೆನ್ಸರ್ ಪೈಪಿಗೆ ಎಷ್ಟು ದೂರ ಇಡಬೇಕು? ಬದಲಾವಣೆ ಆಗೋವರೆಗೆ ಗಾಡಿ ಓಡಿಸಲೇಬೇಕು, ಎಷ್ಟು ಡಿಗ್ರಿಗೆ ಎಚ್ಚರವಾಗಬೇಕು?

ವಾಯುಲೆಕ್ಕ

ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪಾಲಿಥೀನ್. ಆ ಪಾಲಿಥೀನ್ 110–120 ಡಿಗ್ರಿಗೆ ಮೆತ್ತಗಾಗುತ್ತೆ, ಬೆಂಕಿಯನ್ನೂ ಹಿಡಿಯುತ್ತೆ. ಪೈಪಿನಿಂದ 10 ಸೆಂ.ಮೀ. ದೂರ ಕನಿಷ್ಠ, ಕ್ಯಾಟಲಿಟಿಕ್ ಕನ್ವರ್ಟರ್ ಕೆಳಗೆ ಮತ್ತು ಪಕ್ಕದಲ್ಲಿ ಬೇಡವೇ ಬೇಡ. ಅಲ್ಲಿಗೆ ಏನಾದರೂ ಹಾಕಲೇಬೇಕಿದ್ದರೆ 1.5 ಮಿ.ಮೀ. ಅಪ್ಪಟ ಅಲ್ಯೂಮಿನಿಯಂ ಶೀಟ್. ರಿವೆಟ್ ಹೊಡೆಯಬೇಡಿ, 6 ಮಿ.ಮೀ. ಬೋಲ್ಟ್, ಅಗಲ ವಾಷರ್, ಲಾಕ್‌ನಟ್. ಮುಂದಿನ ಶೀಟಿನ ಕೊನೆಯ ಅಂಚು ಹಿಂದಿನ ಶೀಟಿನ ಕೆಳಗೆ ಬರುವ ಹಾಗೆ ಜೋಡಿಸಿ, ಇಲ್ಲದಿದ್ದರೆ ಗಾಳಿ ಸಂದಿಗೆ ಹೊಕ್ಕು ಶೀಟನ್ನು ಕಿತ್ತು ರಸ್ತೆಗೆ ಹಾಸುತ್ತೆ. ಆಯಿಲ್ ಡ್ರೈನ್ ಬೋಲ್ಟ್ ಹತ್ತಿರ ಸ್ಪ್ಯಾನರ್ ಹೋಗುವಷ್ಟು ಜಾಗ ಬಿಡಿ.

ಅಲ್ಲಿಯವರೆಗೆ ಸನ್‌ಪ್ಯಾಕ್ ಇವತ್ತೇ ಕಿತ್ತು ಹಾಕಿ, ಎರಡು ನಿಮಿಷದ ಕೆಲಸ. 105ಕ್ಕೆ ಎಸಿ ಆಫ್ ಮಾಡಿ, ವೇಗ 80ಕ್ಕೆ ಇಳಿಸಿ. 110 ಕಂಡರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಟ್ಟು, ಪಕ್ಕಕ್ಕೆ ನಿಲ್ಲಿಸಿ. ಆವಿ ಬರುತ್ತಿಲ್ಲ, ಕೂಲೆಂಟ್ ಸೋರಿಲ್ಲ ಅಂದರೆ ಐಡಲ್‌ನಲ್ಲಿ ಬಿಟ್ಟು ಫ್ಯಾನ್ ಓಡಲಿ. ಆವಿ ಬಂದರೆ ತಕ್ಷಣ ಆಫ್. ಕ್ಯಾಪ್ ಮಾತ್ರ ಮುಟ್ಟಬೇಡಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ಆರುವ ತನಕ.

ಮಂಡ್ಯ_ಗ್ಯಾರೇಜ್

ಇನ್ನೊಂದು ಮಾತು ಸೇರಿಸ್ತೀನಿ, ಇದು ನಮ್ಮ ಕಡೆಗೆ ಮಾತ್ರ. ಸುಗ್ಗಿ ಹೊತ್ತಲ್ಲಿ ಹಳ್ಳಿ ರಸ್ತೆ ಮೇಲೇ ಹುರುಳಿ, ರಾಗಿ ಒಕ್ಕಣೆಗೆ ಹಾಕಿರ್ತಾರೆ. ಆ ಹುಲ್ಲಿನ ಮೇಲೆ ಗಾಡಿ ಹೋದ್ರೆ ಡ್ರೈವ್ ಶಾಫ್ಟ್‌ಗೆ ಸುತ್ಕೊಳ್ಳುತ್ತೆ, ಕೆಳಗೆ ಶೀಟ್ ಇದ್ರೆ ಅದರ ಮೇಲೆ ರಾಶಿ ಬೀಳುತ್ತೆ, ಪಕ್ಕದಲ್ಲೇ ಸುಡೋ ಸೈಲೆನ್ಸರ್. ಇದರಿಂದ ಗಾಡಿಗೆ ಬೆಂಕಿ ಬಿದ್ದಿರೋ ಪ್ರಕರಣಗಳೂ ಇವೆ. ಹಾಗಾಗಿ ಹೊರದಾರಿಗೆ ಸಣ್ಣ ಸಣ್ಣ ತೂತಿನ ಜಾಲರಿ ಹಾಕಬೇಡಿ, ಹುಲ್ಲು ಒಳಗೇ ಉಳಿಯುತ್ತೆ. ಅಗಲವಾದ ಒಂದೆರಡು ಬಾಯಿ ಬಿಡಿ, ಬಿದ್ದಿದ್ದು ಬಿದ್ದು ಹೋಗ್ಲಿ. ಒಕ್ಕಣೆ ಹಾಕಿರೋ ರಸ್ತೇಲಿ ಹೋಗಲೇಬೇಕಾದ್ರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿರೋದನ್ನ ಎಳೆದು ಹಾಕಿ, ಆಮೇಲೆ ಹೈವೇ ಹತ್ತಿ.